ಗೊರಿಲ್ಲಾ ಎದುರು ಒಂದೇ ಗಂಟೆ, ಯಾಕೆ?

ಉಗಾಂಡಾದ ಬ್ವಿಂಡಿ ಕಾಡು. ಹತ್ತು ಮೀಟರ್ ಆಚೆ ನೂರೆಪ್ಪತ್ತು ಕಿಲೋ ತೂಗುವ ಗಂಡು ಗೊರಿಲ್ಲಾವೊಂದು ಕೂತು ಗಿಡದ ದಂಟನ್ನು ಸಿಪ್ಪೆ ಸುಲಿದು ತಿನ್ನುತ್ತಿದೆ. ಎದುರಿಗೆ ಎಂಟು ಜನ ಅಪರಿಚಿತರು. ಕ್ಯಾಮೆರಾಗಳು ಕಟಕಟ ಅನ್ನುತ್ತಿವೆ. ಅದು ಒಮ್ಮೆ ಇತ್ತ ನೋಡುತ್ತದೆ, ಮತ್ತೆ ದಂಟು ಸುಲಿಯಲು ಶುರು ಮಾಡುತ್ತದೆ. ಬೇಲಿಯಿಲ್ಲ, ಜೀಪಿಲ್ಲ, ಮಧ್ಯೆ ಗಾಜಿಲ್ಲ.

ಇದು ಹೇಗೆ ಸಾಧ್ಯ? ಕಾಡುಪ್ರಾಣಿ ಅಂದಮೇಲೆ ಮನುಷ್ಯರನ್ನು ಕಂಡರೆ ಓಡಬೇಕು, ಇಲ್ಲಾ ಮೈಮೇಲೆ ಬರಬೇಕು. ಇದು ಎರಡನ್ನೂ ಮಾಡುತ್ತಿಲ್ಲ. ಗೊರಿಲ್ಲಾ ಚಾರಣದ, ಅಂದರೆ ಕಾಡಿನೊಳಗೆ ನಡೆದು ಹೋಗಿ ಗೊರಿಲ್ಲಾ ನೋಡುವುದರ ಸುದ್ದಿ ಬಂದರೆ ಜನ ಮೊದಲು ಕೇಳುವುದು ದುಡ್ಡೆಷ್ಟು ಅಂತ. ಆಮೇಲೆ, ಅಷ್ಟು ಕೊಟ್ಟರೂ ನೋಡಲು ಬಿಡುವುದು ಒಂದೇ ಗಂಟೆನಾ ಅಂತ. ಆದರೆ ಆ ಗೊರಿಲ್ಲಾ ಯಾಕೆ ಸುಮ್ನೆ ಕೂತಿದೆ ಅನ್ನುವುದು ಗೊತ್ತಾದರೆ ಉಳಿದ ಎರಡಕ್ಕೂ ಉತ್ತರ ತಾನಾಗಿ ಸಿಗುತ್ತದೆ.

ಮೊದಲು, ಯಾವ ಗೊರಿಲ್ಲಾ ಅನ್ನುವುದು ಸ್ಪಷ್ಟವಾಗಲಿ. ಮೈಸೂರು ಮೃಗಾಲಯದ ಪೋಲೋ ಹಲವರಿಗೆ ನೆನಪಿರಬಹುದು. 1995ರಲ್ಲಿ ಡಬ್ಲಿನ್‌ನಿಂದ ಬಂದು 2014ರಲ್ಲಿ ತೀರಿಕೊಂಡ. 2021ರಲ್ಲಿ ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಬಂದರು. ಇವರೆಲ್ಲ ಮಧ್ಯ ಆಫ್ರಿಕಾದ ಪಶ್ಚಿಮ ಭಾಗದ ತಗ್ಗುನಾಡಿನ ಗೊರಿಲ್ಲಾಗಳು. ಬ್ವಿಂಡಿಯಲ್ಲಿರುವ ಬೆಟ್ಟದ ಗೊರಿಲ್ಲಾ ಬೇರೆ. ಅದು ಜಗತ್ತಿನ ಯಾವ ಮೃಗಾಲಯದಲ್ಲೂ ಇಲ್ಲ. ನೋಡಬೇಕೆಂದರೆ ಅದರ ಮನೆಗೇ ಹೋಗಬೇಕು.

ಆ ಮನೆಯೂ ಚಿಕ್ಕದು. ಎರಡೇ ತುಂಡು ಕಾಡು. ಒಂದು, ರುವಾಂಡಾ, ಉಗಾಂಡಾ, ಕಾಂಗೊ ಮೂರೂ ದೇಶಗಳು ಕೂಡುವಲ್ಲಿ ಸಾಲಾಗಿ ನಿಂತಿರುವ ವಿರುಂಗಾ ಜ್ವಾಲಾಮುಖಿ ಬೆಟ್ಟಗಳು. ಇನ್ನೊಂದು, ಅದರ ಉತ್ತರಕ್ಕೆ ಉಗಾಂಡಾದಲ್ಲಿರುವ ಬ್ವಿಂಡಿ. ನಡುವೆ ಹೊಲಗಳು, ಊರುಗಳು. ಹಾಗಾಗಿ ಒಂದು ಕಡೆಯ ಗೊರಿಲ್ಲಾ ಇನ್ನೊಂದು ಕಡೆಗೆ ಹೋಗುವ ಮಾತೇ ಇಲ್ಲ. ವಿರುಂಗಾದಲ್ಲಿ 2015-16ರ ಎಣಿಕೆಯಲ್ಲಿ 604 ಸಿಕ್ಕವು. ಬ್ವಿಂಡಿ ಮತ್ತು ಅದಕ್ಕೆ ಅಂಟಿಕೊಂಡ ಕಾಡಿನಲ್ಲಿ 2018ರಲ್ಲಿ 459. ಎರಡೂ ಸೇರಿ 1,063. ಎಣಿಸಿದ್ದು ಮುಖ ನೋಡಿ ಅಲ್ಲ. ಗೊರಿಲ್ಲಾಗಳು ರಾತ್ರಿ ಮಲಗಿ ಎದ್ದ ಜಾಗದಲ್ಲಿ ಬಿಟ್ಟ ಲದ್ದಿಯಿಂದ ಡಿಎನ್‌ಎ ತೆಗೆದು ಲೆಕ್ಕ ಹಾಕಿದರು. 1980ರ ದಶಕದ ಶುರುವಿನಲ್ಲಿ ವಿರುಂಗಾದಲ್ಲಿ ಉಳಿದದ್ದು 250ರ ಆಸುಪಾಸು ಮಾತ್ರ. ಹೆಣ್ಣು ಗೊರಿಲ್ಲಾ ಮೊದಲ ಮರಿ ಹಾಕುವುದು ಹತ್ತು ವರ್ಷದ ಸುಮಾರಿಗೆ, ಆಮೇಲೆ ನಾಲ್ಕು ವರ್ಷಕ್ಕೊಂದು. ಅಂಥ ಪ್ರಾಣಿ 250ರಿಂದ 600ಕ್ಕೆ ಏರಿದ್ದು ಸಣ್ಣ ವಿಷಯವಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ನಮಗೆ ಎರಡು ಮಾತಿವೆ. ಪಳಗಿಸುವುದು ಒಂದು, ಒಗ್ಗಿಸುವುದು ಇನ್ನೊಂದು. ಆನೆಯನ್ನು ಹಿಡಿದು, ಕಟ್ಟಿ, ತಿನ್ನಿಸಿ ಪಳಗಿಸುತ್ತಾರೆ. ಗೊರಿಲ್ಲಾಗಳನ್ನು ಬರೀ ಒಗ್ಗಿಸುತ್ತಾರೆ. ಒಂದು ಬಾಳೆಹಣ್ಣನ್ನೂ ಕೊಡುವುದಿಲ್ಲ, ಒಂದು ಹಗ್ಗವನ್ನೂ ಹಾಕುವುದಿಲ್ಲ. ಮಾಡುವುದು ಇಷ್ಟೇ: ಅದೇ ನಾಲ್ಕಾರು ಜನ, ಪ್ರತಿದಿನ, ಅದೇ ಗುಂಪಿನ ಹತ್ತಿರ ಹೋಗಿ ಸುಮ್ನೆ ಇರುವುದು.

ಕೇಳಲು ಸುಲಭ. ಶುರುವಿನ ದಿನಗಳಲ್ಲಿ ಗುಂಪು ಕಾಣುವುದೇ ಇಲ್ಲ, ಓಡಿಹೋಗಿರುತ್ತದೆ. ಇವರು ಮುರಿದ ಗಿಡ, ಲದ್ದಿ ನೋಡಿಕೊಂಡು ಹಿಂದೆ ಹೋಗುತ್ತಾರೆ. ಸ್ವಲ್ಪ ದಿನವಾದ ಮೇಲೆ ಓಡುವುದು ನಿಲ್ಲುತ್ತದೆ, ಬೆದರಿಸುವುದು ಶುರುವಾಗುತ್ತದೆ. ಗುಂಪಿನ ಯಜಮಾನ ಕಿರುಚಿ, ಎದೆ ಬಡಿದು, ನೇರ ನುಗ್ಗಿ ಬರುತ್ತಾನೆ. ಆಗ ಓಡಬಾರದು. ಕೆಳಗೆ ಕೂತು ತಲೆ ತಗ್ಗಿಸಬೇಕು. ಕಣ್ಣಿಗೆ ಕಣ್ಣು ಕೊಡಬಾರದು. ಎಲೆ ಕಿತ್ತು ತಿನ್ನುವವರ ಹಾಗೆ ನಟಿಸಬೇಕು. ಗಂಟಲಲ್ಲಿ 'ಹ್ಞೂಂ... ಹ್ಮ್ಮ್' ಅಂತ ಒಂದು ಸದ್ದು ಮಾಡಬೇಕು. ಹೊಟ್ಟೆ ತುಂಬಿ ನೆಮ್ಮದಿಯಾಗಿರುವ ಗೊರಿಲ್ಲಾ ಮಾಡುವ ಸದ್ದದು. 'ನಾನಿಲ್ಲೇ ಇದ್ದೀನಿ, ಏನೂ ತೊಂದರೆಯಿಲ್ಲ' ಅನ್ನುವಂಥದ್ದು. ಈಗಲೂ ಗೈಡ್‌ಗಳು ಗುಂಪಿನ ಹತ್ತಿರ ಹೋಗುವಾಗ ಇದೇ ಸದ್ದು ಮಾಡುತ್ತಾರೆ.

ಹೀಗೆ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ. ಸಾಮಾನ್ಯವಾಗಿ ಆಮೇಲೆಯೇ ಆ ಗುಂಪನ್ನು ಪ್ರವಾಸಿಗರಿಗೆ ತೋರಿಸುವುದು. ಈ ದಾರಿ ತೋರಿಸಿದವರು ಸಂಶೋಧಕರು. ಜಾರ್ಜ್ ಶಾಲರ್ 1959-60ರಲ್ಲಿ ವಿರುಂಗಾದಲ್ಲಿ ಸದ್ದಿಲ್ಲದೆ ಕೂತು ಗೊರಿಲ್ಲಾಗಳನ್ನು ನೋಡಿದರು. 1967ರಲ್ಲಿ ಡಯಾನ್ ಫಾಸಿ ಅಲ್ಲೇ ಕರಿಸೋಕೆ ಅನ್ನುವ ಶಿಬಿರ ಹಾಕಿ ವರ್ಷಗಟ್ಟಲೆ ಉಳಿದರು. ಬ್ವಿಂಡಿಯಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದದ್ದು 1993ರಲ್ಲಿ, ಮುಬಾರೆ ಅನ್ನುವ ಗುಂಪಿನಿಂದ.

ಹಾಗಾದರೆ ನೀವು ಕೊಡುವ ದುಡ್ಡಿನಲ್ಲಿ ಕೊಂಡುಕೊಳ್ಳುತ್ತಿರುವುದು ಏನು? ಆ ಎರಡು-ಮೂರು ವರ್ಷಗಳ ತಾಳ್ಮೆಯನ್ನು. ಗೊರಿಲ್ಲಾ ಮನುಷ್ಯರ ಭಯ ಬಿಟ್ಟಿದೆ, ಅದಕ್ಕೇ ನಿಮಗೆ ಕಾಣುತ್ತಿದೆ. ಆದರೆ ಭಯ ಅನ್ನುವುದು ಅದಕ್ಕಿದ್ದ ಬೇಲಿಯೂ ಹೌದಲ್ವಾ? ಆ ಬೇಲಿ ಕಿತ್ತವರು ನಾವು. ಅದರ ಜಾಗದಲ್ಲಿ ಬೇರೆ ಬೇಲಿ ಹಾಕುವುದೂ ನಮ್ಮದೇ ಕೆಲಸ. ಅಲ್ಲಿನ ಒಂದೊಂದು ನಿಯಮವೂ ಆ ಬೇಲಿಯ ಒಂದೊಂದು ಗೂಟ.

ದೊಡ್ಡ ಭಯ ಕಾಯಿಲೆಯದು. ಗೊರಿಲ್ಲಾಗಳ ಡಿಎನ್‌ಎ ನಮ್ಮದಕ್ಕೆ ಸುಮಾರು ಶೇ. 98ರಷ್ಟು ಹೊಂದುತ್ತದೆ. ನಮಗೆ ಬರುವ ನೆಗಡಿ ಅವಕ್ಕೂ ಬರುತ್ತದೆ, ಆದರೆ ನಮ್ಮ ಕಾಯಿಲೆಗಳನ್ನು ತಡೆಯುವ ಶಕ್ತಿ ಅವಕ್ಕಿಲ್ಲ. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಹತ್ತಿ, ಕೂದಲು ಉದುರಿ, ಒಂದು ಮರಿ ಸತ್ತಿತು. ಚಿಕಿತ್ಸೆ ಮಾಡಿದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಜಿಕುಸೊಕಾ ಅವರಿಗೆ ಅನುಮಾನ ಬಂದದ್ದು ಪಕ್ಕದ ಊರಿನ ಹೊಲಗಳ ಮೇಲೆ. ಬಾಳೆ ತಿನ್ನಲು ಹೊಲಕ್ಕೆ ಬಂದ ಗೊರಿಲ್ಲಾಗಳು ಅಲ್ಲಿ ನಿಲ್ಲಿಸಿದ್ದ ಬೆರ್ಚಪ್ಪನ ಹಳೇ ಬಟ್ಟೆ ಮುಟ್ಟಿರಬೇಕು, ಕಜ್ಜಿ ಹುಳು ಅದರಿಂದಲೇ ಬಂದಿರಬೇಕು ಅಂತ. ಊರಿನವರಿಗೆ ಕಜ್ಜಿ ವಾಸಿಯಾಗದೆ ಗೊರಿಲ್ಲಾಗಳಿಗೆ ವಾಸಿಯಾಗುವುದಿಲ್ಲ ಅಂತ ಅವರಿಗೆ ಅನಿಸಿತು. 2003ರಲ್ಲಿ ಜನರ ಆರೋಗ್ಯ ಮತ್ತು ಗೊರಿಲ್ಲಾಗಳ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆಯನ್ನೇ ಕಟ್ಟಿದರು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ ಕತೆ ಇದು.

2009ರಲ್ಲಿ ರುವಾಂಡಾದ ಒಂದು ಗುಂಪಿಗೆ ಉಸಿರಾಟದ ಕಾಯಿಲೆ ಬಂತು. ಎರಡು ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಮನುಷ್ಯರಲ್ಲಿ ನೆಗಡಿ-ಕೆಮ್ಮು ತರುವ ವೈರಸ್.

ಈಗ ನಿಯಮ ನೋಡಿ. ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ. ಒಂದೇ ಭೇಟಿ, ಒಂದೇ ಗಂಟೆ. ನೆಗಡಿ, ಕೆಮ್ಮು, ಜ್ವರ ಇದ್ದರೆ ಬಿಡುವುದಿಲ್ಲ. 15 ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ. ಮಕ್ಕಳಿಗೆ ಸೋಂಕು ಜಾಸ್ತಿ ಅನ್ನುವುದು ಅದಕ್ಕೊಂದು ಕಾರಣ. ಮಾಸ್ಕ್ ಹಾಕಬೇಕು. ಮೊದಲು ಏಳು ಮೀಟರ್ ಇದ್ದ ಅಂತರ ಕೋವಿಡ್ ನಂತರ ಹತ್ತಾಯಿತು. ಬಹಿರ್ದೆಸೆ ಅವಸರವಾದರೆ ಗುಂಡಿ ತೋಡಿ ಮುಚ್ಚಬೇಕು.

ಕಾಗದದ ಮೇಲೆ ಎಲ್ಲ ಸರಿ. ಕಾಡಿನಲ್ಲಿ? 2013ರಿಂದ 2019ರವರೆಗೆ ಪ್ರವಾಸಿಗರು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದ 858 ಫೋಟೋಗಳನ್ನು ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದರು. ಶೇ. 86ರಷ್ಟು ಫೋಟೋಗಳಲ್ಲಿ ಜನ ನಾಲ್ಕು ಮೀಟರ್‌ಗಿಂತ ಹತ್ತಿರ ಇದ್ದರು. ಅಂದರೆ ನಾವು ಹೆಮ್ಮೆಯಿಂದ ಹಾಕಿದ ಫೋಟೋವೇ ನಮ್ಮ ವಿರುದ್ಧ ಸಾಕ್ಷಿ ಹೇಳಿತು. ಎಲ್ಲ ತಪ್ಪೂ ಪ್ರವಾಸಿಗರದ್ದೇ ಅನ್ನಲಾಗದು. ಪೊದೆ ದಟ್ಟ, ಜಾಗ ಇಕ್ಕಟ್ಟು, ಕುತೂಹಲದ ಮರಿಗಳು ತಾವೇ ಓಡಿ ಬರುತ್ತವೆ. ಆಗ ಹಿಂದೆ ಸರಿಯಬೇಕಾದವರು ನಾವು. ಮುಟ್ಟಿದರೆ ಮುಟ್ಟಲಿ ಅಂತ ನಿಲ್ಲುವುದಲ್ಲ.

ಭಯ ಬಿಟ್ಟ ಪ್ರಾಣಿಗೆ ಈಟಿ ಹಿಡಿದವನೂ ಒಂದೇ, ಕ್ಯಾಮೆರಾ ಹಿಡಿದವನೂ ಒಂದೇ. 2020ರ ಜೂನ್‌ನಲ್ಲಿ ಬ್ವಿಂಡಿಯ ಎನ್‌ಕುರಿಂಗೊ ಗುಂಪಿನ ಯಜಮಾನ ರಫೀಕಿಯನ್ನು ಸಣ್ಣಪುಟ್ಟ ಪ್ರಾಣಿ ಬೇಟೆಗೆ ಬಂದವನೊಬ್ಬ ಈಟಿಯಿಂದ ತಿವಿದು ಕೊಂದ. ಅದು ಮೈಮೇಲೆ ಬಂತು, ಅದಕ್ಕೆ ತಿವಿದೆ ಅಂದ. 11 ವರ್ಷ ಜೈಲು ಶಿಕ್ಷೆಯಾಯಿತು. ಕೋವಿಡ್‌ನಿಂದ ಪ್ರವಾಸಿಗರು ನಿಂತು, ಊರಿನ ಸಂಪಾದನೆ ನಿಂತ ಕಾಲ ಅದು.

ಹಾಗಾದರೆ ಒಗ್ಗಿಸದೇ ಬಿಟ್ಟಿದ್ದರೆ ಒಳ್ಳೆಯದಿತ್ತೇ? ಇಲ್ಲಿ ಲೆಕ್ಕ ಸ್ವಲ್ಪ ಆಶ್ಚರ್ಯ ಹುಟ್ಟಿಸುತ್ತದೆ. 1967ರಿಂದ 2008ರವರೆಗಿನ ವಿರುಂಗಾ ದಾಖಲೆಗಳನ್ನು ನೋಡಿದ ಸಂಶೋಧಕರ ಪ್ರಕಾರ, ಮನುಷ್ಯರಿಗೆ ಒಗ್ಗಿದ ಗುಂಪುಗಳು ವರ್ಷಕ್ಕೆ ಶೇ. 4.1ರಷ್ಟು ಬೆಳೆದವು. ಒಗ್ಗದ ಗುಂಪುಗಳು ಶೇ. 0.7ರಷ್ಟು ಇಳಿದವು. ಕಾರಣ ಸರಳ. ಒಗ್ಗಿದ ಗುಂಪಿನ ಜೊತೆ ದಿನವೂ ಕಾವಲಿನವರು ಇರುತ್ತಾರೆ. ಜಿಂಕೆಗೆ ಒಡ್ಡಿದ ಉರುಳಿಗೆ ಮರಿಯ ಕೈ ಸಿಕ್ಕರೆ ಅದೇ ದಿನ ಗೊತ್ತಾಗುತ್ತದೆ. ಗೊರಿಲ್ಲಾ ಡಾಕ್ಟರ್ಸ್ ಅನ್ನುವ ಪಶುವೈದ್ಯರ ತಂಡ ಕಾಡಿಗೇ ಬಂದು, ಅರಿವಳಿಕೆ ಕೊಟ್ಟು, ಉರುಳು ಬಿಡಿಸಿ ಹೋಗುತ್ತದೆ. ಅಪಾಯವೂ ಒಗ್ಗಿಸಿದ್ದರಿಂದಲೇ, ಕಾವಲೂ ಒಗ್ಗಿಸಿದ್ದರಿಂದಲೇ.

ಆ ಕಾವಲಿಗೆ ದುಡ್ಡು ಬರುವುದು ಗೊರಿಲ್ಲಾ ನೋಡಲು ಪ್ರವಾಸಿಗರು ಕೊಳ್ಳುವ ಪರ್ಮಿಟ್‌ನಿಂದ. ರುವಾಂಡಾದಲ್ಲಿ ವಿದೇಶಿಯರಿಗೆ 1,500 ಡಾಲರ್. 2017ರಲ್ಲಿ 750 ಇದ್ದದ್ದನ್ನು ಒಂದೇ ಸಲಕ್ಕೆ ಎರಡರಷ್ಟು ಮಾಡಿದರು. ರೂಪಾಯಿಯಲ್ಲಿ ಒಂದೂಕಾಲು ಲಕ್ಷ ದಾಟುತ್ತದೆ, ನಿಮಿಷಕ್ಕೆ ಎರಡು ಸಾವಿರದ ಮೇಲೆ. ಉಗಾಂಡಾದಲ್ಲಿ 2024ರ ಜುಲೈನಿಂದ 800 ಡಾಲರ್. ಕಾಂಗೊದಲ್ಲಿ ಇನ್ನೂ ಕಡಿಮೆ, ಆದರೆ ಅಲ್ಲಿ ಬಂಡುಕೋರರ ಯುದ್ಧ. ಅಲ್ಲಿನ ವಿರುಂಗಾ ಉದ್ಯಾನವನ್ನು ಕಾಯುತ್ತಾ 200ಕ್ಕೂ ಹೆಚ್ಚು ರೇಂಜರ್‌ಗಳು ಜೀವ ಕೊಟ್ಟಿದ್ದಾರೆ. ಅಗ್ಗ ಅಂತ ಅತ್ತ ಹೋಗಬೇಡಿ. ರುವಾಂಡಾ ತನ್ನ ಉದ್ಯಾನಗಳ ಪ್ರವಾಸೋದ್ಯಮದ ಆದಾಯದಲ್ಲಿ ಶೇ. 10ನ್ನು ಸುತ್ತಲಿನ ಊರುಗಳಿಗೆ ಕೊಡುತ್ತದೆ. ಉಗಾಂಡಾದಲ್ಲಿ ಪ್ರತಿ ಗೊರಿಲ್ಲಾ ಪರ್ಮಿಟ್‌ಗೆ 10 ಡಾಲರ್ ಊರಿಗೆ ಹೋಗುತ್ತದೆ. 800ರಲ್ಲಿ 10 ತೀರಾ ಕಡಿಮೆ ಅಂತ ನನಗನಿಸುತ್ತದೆ.

ಇನ್ನೊಂದು ಬಾಕಿಯೂ ಇದೆ. 1991ರಲ್ಲಿ ಬ್ವಿಂಡಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ, ತಲೆಮಾರುಗಳಿಂದ ಆ ಕಾಡಲ್ಲೇ ಬದುಕಿದ್ದ ಬಟ್ವಾ ಜನರನ್ನು ಹೊರಗೆ ಹಾಕಿದರು. ಈಗ ಅವರು ಪ್ರವಾಸಿಗರ ಮುಂದೆ ತಮ್ಮ ಹಳೇ ಬದುಕನ್ನು ಹಾಡಿ ಕುಣಿದು ತೋರಿಸುತ್ತಾರೆ. ಅದನ್ನು ನೋಡಿ ಚಪ್ಪಾಳೆ ತಟ್ಟುವ ಮುಂಚೆ ಇದು ನೆನಪಿರಲಿ.

ಸರಿ, ಆ ದಿನ ಬೆಳಿಗ್ಗೆ ಏನಾಗುತ್ತದೆ? ನೀವು ಏಳು-ಏಳೂವರೆಗೆ ಉದ್ಯಾನದ ಕಚೇರಿಗೆ ಬರುತ್ತೀರಿ. ಅಷ್ಟೊತ್ತಿಗಾಗಲೇ ಜಾಡು ಹಿಡಿಯುವ ಟ್ರ್ಯಾಕರ್‌ಗಳು ಕಾಡು ಹೊಕ್ಕಿರುತ್ತಾರೆ. ಅವರು ಇಡೀ ಕಾಡು ಹುಡುಕುವುದಿಲ್ಲ. ನಿನ್ನೆ ಗುಂಪನ್ನು ಬಿಟ್ಟ ಜಾಗಕ್ಕೆ ನೇರ ಹೋಗುತ್ತಾರೆ. ಅಲ್ಲಿಂದ ಗುಂಪು ರಾತ್ರಿ ಮಲಗಿದ ಗೂಡುಗಳು ಸಿಗುತ್ತವೆ. ಗೊರಿಲ್ಲಾಗಳು ದಿನಾ ಸಂಜೆ ಎಲೆ, ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತವೆ. ಮರಿಗಳು ಮಾತ್ರ ಅಮ್ಮನ ಜೊತೆ. ಗೂಡು ಎಣಿಸಿದರೆ ಗುಂಪು ಪೂರ್ತಿ ಇದೆಯೇ ಗೊತ್ತಾಗುತ್ತದೆ. ಅಲ್ಲಿಂದ ತುಳಿದ ಗಿಡ, ಸುಲಿದ ದಂಟಿನ ಜಾಡು. ದಿನಕ್ಕೆ ಅವು ಹೋಗುವುದು ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಸುಪಾಸು, ಕೂತು ತಿನ್ನುವುದೇ ಜಾಸ್ತಿ. ಹುಲಿ ಸಫಾರಿಯಲ್ಲಿ ಕಂಡರೆ ಕಂಡಿತು ಅನ್ನುವಂತೆ ಇಲ್ಲಿ ಅಲ್ಲ. ಹೋದವರಿಗೆ ಹೆಚ್ಚುಕಮ್ಮಿ ಕಂಡೇ ಕಾಣುತ್ತದೆ. ಎಷ್ಟು ನಡೆಯಬೇಕು ಅನ್ನುವುದಷ್ಟೇ ಅದೃಷ್ಟ. ಅರ್ಧ ಗಂಟೆಯೂ ಆಗಬಹುದು, ಆರು ಗಂಟೆಯೂ ಆಗಬಹುದು. ವಿರುಂಗಾದಲ್ಲಿ ಕಳಲೆ ಮೂಡುವ ಕಾಲಕ್ಕೆ ಗೊರಿಲ್ಲಾಗಳು ಬಿದಿರಿನ ಮೆಳೆಗಳಿಗೆ ಇಳಿಯುತ್ತವೆ. ಕಳಲೆಯ ರುಚಿ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಮಂಡಿ ನೋವಿದ್ದರೆ ಬೆಳಿಗ್ಗೆಯೇ ಹೇಳಿ, ಹತ್ತಿರದ ಗುಂಪಿಗೆ ಕಳಿಸುತ್ತಾರೆ. ಪೋರ್ಟರ್ ಒಬ್ಬರನ್ನು ತಪ್ಪದೇ ಕರೆದುಕೊಳ್ಳಿ. ಬ್ಯಾಗ್ ಹೊರುವುದಕ್ಕಿಂತ ಕೆಸರಿನ ಏರಿನಲ್ಲಿ ಕೈ ಹಿಡಿದು ಎಳೆಯುವುದಕ್ಕೆ ಅವರು ಬೇಕು. ಆ ದುಡ್ಡು ನೇರ ಊರಿನವರ ಕೈಗೆ ಹೋಗುತ್ತದೆ. ತುರುಚಿ ಗಿಡಗಳು ವಿಪರೀತ, ದಪ್ಪ ಕೈಗವಸು ಹಾಕಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಇಲ್ಲದಿದ್ದರೆ ಸೈನ್ಯದ ಹಾಗೆ ಸಾಲಾಗಿ ಹೋಗುವ ಇರುವೆಗಳು ಒಳಗೆ ಹತ್ತುತ್ತವೆ. ಜೂನ್‌ನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರುವರಿ ಮಳೆ ಕಡಿಮೆ. ನಮ್ಮವರು ಮರೆಯಬಾರದ್ದು ಹಳದಿ ಜ್ವರದ ಲಸಿಕೆ. ಉಗಾಂಡಾಕ್ಕೆ ಹೋಗುವಾಗಲೂ ಬೇಕು, ಅಲ್ಲಿಂದ ಭಾರತಕ್ಕೆ ಮರಳುವಾಗಲೂ ಆ ಕಾರ್ಡ್ ಕೇಳುತ್ತಾರೆ. ಹಾಕಿಸಿಕೊಂಡ ಹತ್ತು ದಿನದ ನಂತರವೇ ಅದು ಊರ್ಜಿತ.

ಇನ್ನು ಫೋಟೋ. ಕಪ್ಪು ಪ್ರಾಣಿ, ಕತ್ತಲೆ ಕಾಡು, ಮಧ್ಯೆ ಎಲೆಗಳು, ಫ್ಲ್ಯಾಷ್ ನಿಷಿದ್ಧ. ಕ್ಯಾಮೆರಾಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಕಮ್ಮಿ.

ಮೊದಲು ಲೆನ್ಸ್. ಹತ್ತು ಮೀಟರ್ ಅಂತರ ಅಂತ ಗೊತ್ತಿದೆಯಲ್ಲ, ಲೆಕ್ಕ ಹಾಕಿಬಿಡಬಹುದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ದೊಡ್ಡ ಸೆನ್ಸರ್ ಇರುವಂಥದ್ದರಲ್ಲಿ) 200 ಎಂಎಂ ಲೆನ್ಸ್ ಹತ್ತು ಮೀಟರ್ ದೂರದಲ್ಲಿ ಹಿಡಿಯುವುದು ಸುಮಾರು 1.8 ಮೀಟರ್ ಅಗಲ, 1.2 ಮೀಟರ್ ಎತ್ತರ. ಕೂತ ಗೊರಿಲ್ಲಾ ಚೌಕಟ್ಟು ತುಂಬಾ ಬರುತ್ತದೆ. 600 ಎಂಎಂ ಹೊತ್ತುಕೊಂಡು ಹೋದರೆ ಬರೀ ತಲೆ, ಮೇಲೆ ಹೊತ್ತ ಸುಸ್ತು. ಹಾಗಾಗಿ 70-200 ಎಂಎಂ, ಎಫ್ 2.8 (ಬೆಳಕನ್ನು ಹೆಚ್ಚು ಒಳಬಿಡುವಂಥದ್ದು) ಇದ್ದರೆ ಬೇರೇನೂ ಬೇಡ. ಮೊಬೈಲಿನ ಮಾಮೂಲಿ ಲೆನ್ಸ್ ಅದೇ ದೂರದಲ್ಲಿ ಹದಿನಾಲ್ಕು ಮೀಟರ್ ಅಗಲದ ಕಾಡನ್ನು ಹಿಡಿಯುತ್ತದೆ. ಅದರಲ್ಲಿ ಗೊರಿಲ್ಲಾ ಒಂದು ಕಪ್ಪು ಚುಕ್ಕೆ. ಜನ ಹತ್ತಿರ ಹತ್ತಿರ ಹೋಗುವುದಕ್ಕೆ ಆಸೆ ಎಷ್ಟು ಕಾರಣವೋ ಮೊಬೈಲ್ ಲೆನ್ಸೂ ಅಷ್ಟೇ ಕಾರಣ ಅನ್ನುವುದು ನನ್ನ ಅನುಮಾನ. ಮೊಬೈಲಲ್ಲೇ ತೆಗೆಯುವುದಾದರೆ ಮೂರು ಪಟ್ಟು, ಐದು ಪಟ್ಟು ಹತ್ತಿರ ತೋರಿಸುವ ಲೆನ್ಸ್ ಇರುವುದನ್ನು ಒಯ್ಯಿರಿ, ವಿಡಿಯೋ ಮಾಡಿ.

ಆಮೇಲೆ ಬೆಳಕು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಕಣ್ಣಿಗೆ ಜಗತ್ತೆಲ್ಲ ಸರಾಸರಿ ಬೂದು ಬಣ್ಣ. ಗೊರಿಲ್ಲಾ ಚೌಕಟ್ಟು ತುಂಬಿದರೆ 'ಅಯ್ಯೋ ಕತ್ತಲೆ' ಅಂದುಕೊಂಡು ಬೆಳಕು ಏರಿಸಿ ಕಪ್ಪು ಕೂದಲನ್ನು ಬೂದಿ ಬಣ್ಣ ಮಾಡುತ್ತದೆ. ಆಗ ಎಕ್ಸ್‌ಪೋಶರ್ ಮುಕ್ಕಾಲು, ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಗೊರಿಲ್ಲಾ ಹಿಂದೆ ಬೆಳ್ಳಗಿನ ಆಕಾಶ ಇದ್ದರೆ ತಿರುಗುಮುರುಗು. ಮುಖ ಇದ್ದಿಲಾಗುತ್ತದೆ, ಆಗ ಏರಿಸಬೇಕು. ಬಿಸಿಲು ಬಂದರೆ ಖುಷಿಪಡಬೇಡಿ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಮೈಮೇಲೆ ಮಚ್ಚೆ ಮಚ್ಚೆಯಾಗಿ, ಯಜಮಾನನ ಬೆನ್ನಿನ ಬೆಳ್ಳಿ ಕೂದಲು ಸುಟ್ಟ ಬಿಳುಪಾಗಿ ಬರುತ್ತದೆ. ಮೋಡದ ದಿನವೇ ಒಳ್ಳೆಯದು. ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 3200, 6400ಕ್ಕೆ ಏರಿಸಲು ಹೆದರಬೇಡಿ. ಕಾಳುಕಾಳಾದ ಫೋಟೋವನ್ನು ಮನೆಯಲ್ಲಿ ಸರಿಮಾಡಬಹುದು, ಅಲುಗಿದ್ದನ್ನು ಆಗುವುದಿಲ್ಲ. ಕ್ಯಾಮೆರಾ ಬದಲಾಯಿಸದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಕೂತ ದೊಡ್ಡವಕ್ಕೆ ಶಟರ್ 1/250 ಸೆಕೆಂಡ್ ಸಾಕು, ಲಾಗ ಹಾಕುವ ಮರಿಗಳಿಗೆ 1/500 ಬೇಕು.

ಆಟೋಫೋಕಸ್‌ಗೆ ಗೊರಿಲ್ಲಾ ಮುಖಕ್ಕಿಂತ ಮುಂದಿನ ಎಲೆಯೇ ಇಷ್ಟ. ಒಂದೇ ಫೋಕಸ್ ಬಿಂದು ಇಟ್ಟುಕೊಂಡು ಕಣ್ಣಿನ ಮೇಲೆ ನಿಲ್ಲಿಸಿ. ಕಣ್ಣು ಹುಬ್ಬಿನ ಮೂಳೆಯ ಕೆಳಗೆ ಆಳದಲ್ಲಿದೆ. ಅದು ಮೇಲಿನ ಕೊಂಬೆ ನೋಡಲು ತಲೆ ಎತ್ತಿದಾಗ ಮಾತ್ರ ಬೆಳಕು ಒಳಗೆ ಬಿದ್ದು ಕಂದು ಬಣ್ಣ ಹೊಳೆಯುತ್ತದೆ. ಅದಕ್ಕೆ ಕಾಯಿರಿ. ಕಂಡ ತಕ್ಷಣ ಎಲ್ಲರೂ ದಬದಬ ತೆಗೆಯುವುದು ಪೊದೆಯಲ್ಲಿನ ಬೆನ್ನನ್ನು. ಆ ನೂರು ಫೋಟೋ ಆಮೇಲೆ ಯಾರೂ ನೋಡುವುದಿಲ್ಲ.

ಮೂಗನ್ನೂ ಒಮ್ಮೆ ಸ್ಪಷ್ಟವಾಗಿ ತೆಗೆಯಿರಿ. ಮೂಗಿನ ಮೇಲಿನ ಸುಕ್ಕು ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದಕ್ಕಿದ್ದದ್ದು ಇನ್ನೊಂದಕ್ಕಿಲ್ಲ. ಟ್ರ್ಯಾಕರ್‌ಗಳು ಗುರುತು ಹಿಡಿಯುವುದು ಅದರಿಂದಲೇ. ಇಳಿದು ಬಂದ ಮೇಲೆ ಫೋಟೋ ತೋರಿಸಿ ಕೇಳಿ, ಅದರ ಹೆಸರೇನು, ಅಮ್ಮ ಯಾರು ಎಲ್ಲ ಹೇಳುತ್ತಾರೆ.

ಗಂಟೆ ಮುಗಿಯಲು ಐದು ನಿಮಿಷ ಇರುವಾಗ ಗೈಡ್ ಮೆಲ್ಲಗೆ ಹೇಳುತ್ತಾರೆ. ಮುಗಿದಾಗ ಮುಗಿಯಿತು, ಚೌಕಾಶಿ ನಡೆಯುವುದಿಲ್ಲ. ಎಂಟು ಜನ ಕೆಳಗಿಳಿಯುತ್ತಾರೆ. ಗೊರಿಲ್ಲಾಗಳು ತಿನ್ನುತ್ತಲೇ ಇರುತ್ತವೆ. ಗುಂಪನ್ನು ಬಿಟ್ಟ ಜಾಗವನ್ನು ಟ್ರ್ಯಾಕರ್‌ಗಳು ಗುರುತು ಮಾಡಿಕೊಳ್ಳುತ್ತಾರೆ. ನಾಳೆ ಬೆಳಿಗ್ಗೆ ಬೇರೆ ಎಂಟು ಜನ ಏಳುವ ಮುಂಚೆ ಅವರು ಅಲ್ಲಿಗೇ ಬರಬೇಕು.